ಮಗುವಿಗೆ ಯಾರೂ ಇಡದ ಹೆಸರು ಬೇಕು, ಎಲ್ಲಿ ಹುಡುಕೋಣ?

ಪ್ರಶ್ನೆ: ನಮಗೆ ಈಚೆಗೆ ಹೆಣ್ಣುಮಗು ಆಗಿದೆ. ಆರಿದ್ರಾ ನಕ್ಷತ್ರ, ಮೂರನೇ ಪಾದ. ‘ಙ’ ಅಕ್ಷರ ಬಂದಿದೆ. ಅಕ್ಷರ ಬಿಡಬಾರದು ಅಂತ ಅತ್ತೆಯವರು ಹೇಳುತ್ತಾರೆ. ನಮಗೆ ಅಪರೂಪದ, ಈಗಿನ ಕಾಲದ ಹೆಸರು ಬೇಕು. ಆ್ಯಪ್‌ನಲ್ಲಿ ಇಷ್ಟವಾದ ಹೆಸರೆಲ್ಲ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗಲೇ ಯಾರಿಗಾದರೂ ಇದೆ. ಜನನ ಪತ್ರಕ್ಕೆ ಬೇಗ ಹೆಸರು ಕೊಡಬೇಕಂತೆ. ಏನು ಮಾಡೋಣ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಮೊದಲು ಅವಸರ ಬಿಡಿ. 21 ದಿನದೊಳಗೆ ನೋಂದಣಿ ಆಗಬೇಕಾದದ್ದು ಮಗು ಹುಟ್ಟಿದ ವಿಷಯ. ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ದರೆ ಅದನ್ನು ಆಸ್ಪತ್ರೆಯವರೇ ತಿಳಿಸುತ್ತಾರೆ. ಹೆಸರಿನ ಜಾಗ ಖಾಲಿ ಬಿಡಬಹುದು. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ತಡವಾದದ್ದಕ್ಕೆ ಶುಲ್ಕವಿಲ್ಲ. ಆಮೇಲೂ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಯಾರೋ ಫಾರಂ ಕೊಟ್ಟರು ಅಂತ ಸುಮ್ನೆ ಒಂದು ಹೆಸರು ಬರೆದು ಕೊಡಬೇಡಿ. ಒಮ್ಮೆ ಸೇರಿದ ಹೆಸರನ್ನು ಆಮೇಲೆ ಬದಲಿಸುವುದು ಬಹಳ ಕಷ್ಟ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅಪರೂಪದ ಹೆಸರು ಹುಡುಕಲು ಹೊರಟವರೆಲ್ಲ ಯಾಕೆ ಅದೇ ನಾಲ್ಕು ಹೆಸರಿಗೆ ಬಂದು ನಿಲ್ಲುತ್ತಾರೆ? ನನ್ನ ಪ್ರಕಾರ ಟ್ರೆಂಡ್ ಇರುವುದು ಹೆಸರಿನ ಸದ್ದಿನಲ್ಲಿ. ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಅಪ್ಪ, ಅಮ್ಮ, ಅಯ್ಯ ಸೇರದ ಹೆಸರು ಕಡಿಮೆ: ಪುಟ್ಟಪ್ಪ, ಕೆಂಪಮ್ಮ, ವೆಂಕಟಯ್ಯ. ಆಮೇಲೆ ರಮೇಶ, ಸುರೇಶ, ಮಹೇಶ, ಉಮೇಶ ಬಂದರು. ಕೊನೆಗೆ ‘ಏಶ’ ಇದ್ದರೆ ಚೆಂದ ಅನಿಸುತ್ತಿತ್ತು. ಹೆಣ್ಣುಮಕ್ಕಳಿಗೆ ಲತಾ, ಗೀತಾ, ಸುಧಾ, ಉಷಾ. ಈಗ ಆರವ್, ವಿಹಾನ್, ಅದ್ವಿಕ್, ಕಿಯಾನ್. ಹೆಣ್ಣುಮಕ್ಕಳಿಗೆ ಆದ್ಯ, ಅನ್ವಿ, ಕಿಯಾರಾ. ಚಿಕ್ಕದಾಗಿರಬೇಕು, ಮೆತ್ತಗಿರಬೇಕು, ಆದಷ್ಟು ‘ಅ’ದಿಂದ ಶುರುವಾಗಬೇಕು. ನಾಳೆ ಮಗು ಹೊರದೇಶಕ್ಕೆ ಹೋದರೆ ಅಲ್ಲಿಯವರ ಬಾಯಿಗೂ ಸುಲಭವಾಗಿರಲಿ ಅನ್ನೋ ಯೋಚನೆ ಬೆಂಗಳೂರಿನ ಮನೆಗಳಲ್ಲಿ ಜಾಸ್ತಿ. ಸಿನಿಮಾದವರ ಮಕ್ಕಳ ಹೆಸರೂ ಮನೆಮನೆಗೆ ತಲುಪುತ್ತದೆ. ಯಶ್, ರಾಧಿಕಾ ಪಂಡಿತ್ ಅವರ ಮಗಳು ಆಯ್ರಾಳ ಹೆಸರು ಯಾರಿಗೆ ಗೊತ್ತಿಲ್ಲ?

ಈ ಸದ್ದು ನಮಗೆ ತಿಳಿಯದೇ ಕಿವಿಯಲ್ಲಿ ಕೂತಿರುತ್ತದೆ. ಆ್ಯಪ್‌ನಲ್ಲಿ ಸಾವಿರ ಹೆಸರು ಸರಿಸಿದರೂ ಬೆರಳು ಅದೇ ಥರದ್ದರ ಮೇಲೆ ನಿಲ್ಲುತ್ತದೆ. ಪಕ್ಕದ ಫ್ಲ್ಯಾಟಿನವರ ಬೆರಳೂ ಅಲ್ಲೇ ನಿಲ್ಲುತ್ತದೆ. ಆಮೇಲೆ ಪ್ಲೇಸ್ಕೂಲಿನಲ್ಲಿ ಆದ್ಯ ಎಂ., ಆದ್ಯ ಎಸ್. ಎಂದು ಕರೆಯಬೇಕಾಗುತ್ತದೆ. ಹಾಗಂತ ಅಂಥ ಹೆಸರು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮನಸ್ಸಿಗೆ ನಿಜವಾಗಿ ಹಿಡಿಸಿದ್ದರೆ, ಇನ್ನೊಬ್ಬರಿಗೂ ಇದೆ ಅನ್ನುವ ಕಾರಣಕ್ಕೆ ಬಿಡಬೇಡಿ.

ಆದರೆ ಆ್ಯಪ್ ಕೊಡುವ ಅರ್ಥವನ್ನು ಒಮ್ಮೆ ಪರೀಕ್ಷಿಸಿ. ಆರವ್ ಅಂದರೆ ‘ಶಾಂತ’ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ನಿಘಂಟು ತೆರೆದರೆ ಆರವ ಎಂದರೆ ಸದ್ದು, ಕೂಗು. ಇಡಬಾರದು ಅಂತಲ್ಲ, ಗೊತ್ತಿದ್ದು ಇಡಿ. ಕಿಟೆಲ್ ಅವರ 1894ರ ನಿಘಂಟು ಈಗ ಇಂಟರ್ನೆಟ್ಟಿನಲ್ಲೇ ಸಿಗುತ್ತದೆ. ಐದು ನಿಮಿಷದ ಕೆಲಸ.

ಅತ್ತೆಯವರ ಮಾತಿಗೆ ಬರೋಣ. 27 ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ, ಒಟ್ಟು 108. ಒಂದೊಂದಕ್ಕೆ ಒಂದು ಅಕ್ಷರ. ಆರಿದ್ರೆಗೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ‘ಙ’, ‘ಣ’ದಿಂದ ಶುರುವಾಗುವ ಹೆಸರು ನಮ್ಮಲ್ಲಿ ಎಲ್ಲಿದೆ? ಹಾಗಾಗಿ ಈ ಕಷ್ಟ ನಿಮಗೊಬ್ಬರಿಗೇ ಬಂದದ್ದಲ್ಲ, ದಾರಿಯೂ ಹಿಂದಿನಿಂದಲೇ ಇದೆ. ಶಾಸ್ತ್ರದ ಪ್ರಕಾರ ನಾಮಕರಣದಲ್ಲಿ ಒಂದೇ ಹೆಸರು ಇಡುವುದಿಲ್ಲ. ಮಾಸನಾಮ, ನಕ್ಷತ್ರನಾಮ, ದೇವರ ಹೆಸರು, ಕರೆಯುವ ಹೆಸರು ಎಲ್ಲವನ್ನೂ ತಟ್ಟೆಯ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಬರೆದು, ಮಗುವಿನ ಕಿವಿಯಲ್ಲಿ ಹೇಳುತ್ತಾರೆ. ನಕ್ಷತ್ರದ ಹೆಸರು ಪೂಜೆಗೆ ಇರಲಿ. ಶಾಲೆಗೆ, ಊರಿಗೆಲ್ಲ ಕರೆಯುವ ಹೆಸರು. ಇಲ್ಲ, ಅಕ್ಷರ ಬರಲೇಬೇಕು ಅಂದರೆ ಅದೇ ನಕ್ಷತ್ರದ ಬೇರೆ ಪಾದದ್ದನ್ನು ತಗೊಳ್ಳಿ ಅಂತ ಎಷ್ಟೋ ಪುರೋಹಿತರು ಹೇಳುತ್ತಾರೆ. ‘ಕು’ ಸಿಕ್ಕರೆ ಕುಮುದಾ, ಕುಸುಮಾ, ಕುಂದನಾ ಇದ್ದಾರೆ. ಕುಮುದಾ ಎಷ್ಟು ಚೆಂದದ ಹೆಸರು, ಅಲ್ವಾ? ಈಗಿನ ತೊಟ್ಟಿಲುಗಳಲ್ಲಿ ಅದು ತೀರಾ ಕಡಿಮೆ. ಅತ್ತೆಯವರನ್ನೂ ಕೂರಿಸಿಕೊಂಡು ಮಾತಾಡಿ. ಅವರಿಗೆ ನೆನಪಿರುವ ಹೆಸರು ಯಾವ ಆ್ಯಪ್‌ನಲ್ಲೂ ಇರುವುದಿಲ್ಲ.

ಅಪರೂಪದ್ದು ಬೇಕಾದರೆ ಹುಡುಕುವ ಜಾಗ ಬದಲಿಸಿ. ನಿಮ್ಮ ಮೂಲ ಊರು ಯಾವುದು? ಮನೆದೇವರು ಯಾರು? ಮುತ್ತಜ್ಜಿಯ ಹೆಸರೇನು? ಹೊಳೆಗಳ ಹೆಸರನ್ನೇ ನೋಡಿ: ತುಂಗಾ, ಶರಾವತಿ, ಕಪಿಲಾ, ಧಾರವಾಡದ ಶಾಲ್ಮಲಾ. ನಂದಿಬೆಟ್ಟದಲ್ಲಿ ಹುಟ್ಟುವ ನಮ್ಮ ಅರ್ಕಾವತಿಯ ಹೆಸರನ್ನು ಮಗಳಿಗಿಟ್ಟರೆ ನನಗಂತೂ ತುಂಬಾ ಖುಷಿ. ಕನ್ನಡದ್ದೇ ಪದ ಬೇಕೆಂದರೆ ಇಬ್ಬನಿ, ಇಂಚರ, ಸಿರಿ, ಚುಕ್ಕಿ, ನೇಸರ. ಇವುಗಳಲ್ಲಿ ಸಿರಿ, ಇಂಚರ ಆಗಲೇ ಚೆನ್ನಾಗಿ ಬಳಕೆಗೆ ಬಂದಿವೆ.

ಹೊಸ ಹೆಸರಿನ ಆಸೆ ಇವತ್ತಿನದಲ್ಲ. ಕುವೆಂಪು ಅವರ ಹೆಸರು ಪುಟ್ಟಪ್ಪ, ಅವರ ತಂದೆ ವೆಂಕಟಪ್ಪ. ಮಕ್ಕಳು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಒಂದೇ ತಲೆಮಾರಿನಲ್ಲಿ ಎಷ್ಟು ದೂರ! ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಆ ಹೆಸರು ಇವತ್ತಿಗೂ ಹಳತು ಅನಿಸುವುದಿಲ್ಲ. ಹುಣ್ಣಿಮೆ ಚಂದ್ರ, ಕೋಗಿಲೆ, ಚೈತ್ರ ಎಲ್ಲ ಆ ಹೆಸರುಗಳಲ್ಲಿವೆ. ಅವು ಆ ಕವಿಯ ಮನೆಯದ್ದೇ ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ. ನಿಮ್ಮ ಮನೆಗೂ ಹಾಗೆ ಪ್ರಿಯವಾದದ್ದು ಏನಾದರೂ ಇದ್ದೇ ಇರುತ್ತದೆ.

ಎರಡು ಮೂರು ಹೆಸರು ಆಯ್ದುಕೊಂಡ ಮೇಲೆ ಒಂದಷ್ಟು ದಿನ ಮಗುವನ್ನು ಆ ಹೆಸರಿಂದ ಕರೆದು ನೋಡಿ. ಅಡುಗೆಮನೆಯಿಂದ ಬಾಲ್ಕನಿಗೆ ಕೂಗಿ ಕರೆಯಿರಿ. ಅಜ್ಜ-ಅಜ್ಜಿಯ ಬಾಯಲ್ಲಿ ಅದು ಏನಾಗುತ್ತದೆ ಕೇಳಿ, ಯಾಕೆಂದರೆ ಮಗು ದಿನಾ ಕೇಳುವುದು ಅದನ್ನೇ. ಆಮೇಲೆ ಕನ್ನಡದಲ್ಲಿ ಬರೆದು ನೋಡಿ, ಇಂಗ್ಲಿಷ್ ಕಾಗುಣಿತ ಆಮೇಲೆ. ಇಂಗ್ಲಿಷಿನಲ್ಲಿ ಲ-ಳ ಒಂದೇ, ನ-ಣ ಒಂದೇ. ಸಂಖ್ಯಾಶಾಸ್ತ್ರ ಅಂತ ಎರಡು ‘ಎ’, ಮೂರು ‘ಎಚ್’ ಸೇರಿಸಬೇಡಿ ಅಂತ ನಾನು ಬೇಡಿಕೊಳ್ಳುತ್ತೇನೆ. ಆ ಮಗು ಜೀವನಪೂರ್ತಿ ಪ್ರತಿ ಕೌಂಟರಿನಲ್ಲೂ ಅಕ್ಷರ ಬಿಡಿಸಿ ಹೇಳುತ್ತಾ ನಿಲ್ಲಬೇಕಾಗುತ್ತದೆ.

ಇದು ಮೊದಲಿಗಿಂತ ಈಗ ಮುಖ್ಯ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಹುಟ್ಟಿದ ದಿನಕ್ಕೆ ಜನನ ಪತ್ರವೊಂದೇ ಪುರಾವೆ. ಶಾಲೆಗೆ ಸೇರಿಸುವಾಗಲೂ ಅದನ್ನೇ ಕೇಳುತ್ತಾರೆ. ನಮ್ಮ ಕಡೆ ಹೆಸರಿಗೆ ಒಂದೆರಡು ಇನಿಷಿಯಲ್ ಸೇರಿಸಿ ಮುಗಿಸುವುದು ರೂಢಿ. ಅದರ ಬದಲು ಅಪ್ಪನದೋ ಅಮ್ಮನದೋ ಹೆಸರನ್ನು ಪೂರ್ತಿ ಬರೆಸಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವ ಪ್ರವಾಸಿಗಳಿಗೆ ಯುಎಇ 2022ರ ನವೆಂಬರಿನಲ್ಲಿ ನಿರ್ಬಂಧ ಹಾಕಿತು. ಅರ್ಜಿ ಕೊಡುವ ಮುಂಚೆ ಮಗುವಿನ ಹೆಸರು, ನಿಮ್ಮಿಬ್ಬರ ಹೆಸರು ಎರಡೂ ಭಾಷೆಯಲ್ಲಿ ಸರಿಯಾಗಿದೆಯಾ, ನಿಮ್ಮ ಆಧಾರ್‌ನಲ್ಲಿರುವ ಹಾಗೇ ಇದೆಯಾ ಅಂತ ಒಂದೊಂದು ಅಕ್ಷರ ಓದಿ ನೋಡಿ.