ಆ ಒಂದು ನಿಮಿಷ ರೂಟರ್ ಮುಟ್ಟಬೇಡಿ

ದಾವಣಗೆರೆಯಲ್ಲಿ ಕರೆಂಟು ಹೋಗಿ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಸಾರ್, ಟೂ ಪಾಯಿಂಟ್ ಫೋರ್ ಬಂತು, ಫೈವ್ ಬರ್ತಿಲ್ಲ. ನಾಕು ಸಲ ಆಫ್ ಮಾಡಿ ಆನ್ ಮಾಡ್ದೆ." ಟೂ ಪಾಯಿಂಟ್ ಫೋರ್, ಫೈವ್ ಅಂದರೆ ರೂಟರ್ ವೈಫೈ ಕಳಿಸುವ ಎರಡು ರೇಡಿಯೋ ಬ್ಯಾಂಡ್‌ಗಳು, 2.4 ಮತ್ತು 5 ಗಿಗಾಹರ್ಟ್ಸ್. ಆ ನಾಕು ಸಲವೇ ತೊಂದರೆ!

ಒಂದೊಂದು ಬ್ಯಾಂಡನ್ನೂ ಚಾನೆಲ್‌ಗಳೆಂಬ ಸಣ್ಣ ಭಾಗಗಳಾಗಿ ಹಂಚಿ ನಂಬರ್ ಕೊಟ್ಟಿರುತ್ತಾರೆ. 5 ಗಿಗಾಹರ್ಟ್ಸ್‌ನ 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ವೈಫೈಗಿಂತ ಮೊದಲೇ ರೇಡಾರ್‌ಗಳಿದ್ದವು. 2018ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲಿ ಈ ಬ್ಯಾಂಡ್‌ನ 605 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಕೆಗೆ ಸಿಕ್ಕಿತು. ಆದರೆ ರೇಡಾರ್‌ಗೆ ಅಡ್ಡಿಯಾಗಬಾರದಲ್ಲ, ಹಾಗಾಗಿ ಈ ಚಾನೆಲ್‌ಗಳಲ್ಲಿ ರೂಟರ್ ಮೊದಲು 60 ಸೆಕೆಂಡ್ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಎರಡನ್ನೂ ಬೇರೆ ಮಾಡುವುದು ಹೀಗೆ: ವೈಫೈ ಸಿಗ್ನಲ್ ರೂಟರಿಗೆ ಗೊತ್ತಿರುವ ಒಂದು ವಿನ್ಯಾಸದಿಂದಲೇ ಶುರುವಾಗುತ್ತದೆ. ರೇಡಾರ್‌ನದ್ದು ಮೈಕ್ರೋಸೆಕೆಂಡ್‌ಗಳಷ್ಟು ಚಿಕ್ಕ ಬಡಿತ, ಲೆಕ್ಕ ತಪ್ಪದೆ ಮರುಕಳಿಸುತ್ತದೆ. ದುಗ್ಗಮ್ಮನ ಜಾತ್ರೆಯ ಗದ್ದಲದಲ್ಲೂ ಹಲಗೆ ಪೆಟ್ಟು ಬೇರೆಯಾಗಿ ಕೇಳುವಂತೆ ರೂಟರ್ ಅದನ್ನು ಗುರುತಿಸುತ್ತದೆ. ಗುರುತಿಸಿದರೆ 10 ಸೆಕೆಂಡಿನೊಳಗೆ ಚಾನೆಲ್ ಬಿಡಬೇಕು, 30 ನಿಮಿಷ ಆ ಕಡೆ ತಲೆ ಹಾಕುವಂತಿಲ್ಲ. ಕೆಲವೊಮ್ಮೆ ಬೇರೇನನ್ನೋ ರೇಡಾರ್ ಅಂದುಕೊಂಡು ಎದ್ದು ಹೋಗುವುದೂ ಉಂಟು.

ಈಗ ಲೆಕ್ಕ ನೋಡಿ. 40ನೇ ಸೆಕೆಂಡಿಗೆ ಪ್ಲಗ್ ಕಿತ್ತರೆ ಉಳಿಯುವುದು 20 ಸೆಕೆಂಡ್ ಅಲ್ಲ, ಮತ್ತೆ ಪೂರ್ತಿ 60. ಬೂಟ್ ಆಗುವ ಹೊತ್ತು ಬೇರೆ. ಮತ್ತೆ ಕಿತ್ತರೆ ಮತ್ತೆ 60. ರೂಟರ್ ಕೆಟ್ಟಿಲ್ಲ, ನೀವು ಬಿಡುತ್ತಿಲ್ಲ ಅಷ್ಟೇ.

ಚೌಕಿಪೇಟೆಯ ಬಟ್ಟೆ ಅಂಗಡಿಯ ಯಜಮಾನರೊಬ್ಬರು ಬಲು ಒಳ್ಳೆಯವರು, ಹೋದಾಗಲೆಲ್ಲ ಊಟ ಮಾಡಿಸದೆ ಕಳಿಸುವುದಿಲ್ಲ. ಆದರೆ ಗಿರಾಕಿ ಸೀರೆ ಹಿಡಿದು ಬಿಲ್ಲಿಗೆ ನಿಂತರೆ ಅವರ ಕೈ ನೇರ ಸ್ವಿಚ್ಚಿಗೇ ಹೋಗುತ್ತಿತ್ತು. ಒಂದು ದಿನ ಆ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತೆ. ಫೋನಿನ ವೈಫೈ ಪಟ್ಟಿಯಲ್ಲಿ 5 ಗಿಗಾಹರ್ಟ್ಸ್‌ನ ಎರಡನೇ ಹೆಸರು ತಾನಾಗಿಯೇ ಮೂಡಿತು. ಅಲ್ಲಿಯವರೆಗೆ ಬಿಲ್ಲು 2.4ರಲ್ಲೇ ಆರಾಮಾಗಿ ಆಗುತ್ತದೆ ಎಂದು ತೋರಿಸಿಕೊಟ್ಟೆ.

ಇನ್ನು ಆಂಟೆನಾ. ಎಂಟು ಕಡ್ಡಿ ಇದ್ದರೆ ಎಂಟು ಪಟ್ಟು ಸ್ಪೀಡ್ ಬರಲ್ಲ, ನಿಮ್ಮ ಫೋನಿನಲ್ಲಿ ಸಾಮಾನ್ಯವಾಗಿ ಇರುವುದು ಎರಡೇ. ಆದರೆ ಕೆಲವು ಮಾದರಿಗಳು ಕೇಳಿಸಿಕೊಳ್ಳುವ ಕೆಲಸಕ್ಕೇ ಒಂದು ಆಂಟೆನಾ ಮೀಸಲಿಟ್ಟು, ಸಂಪರ್ಕ ಕಡಿಯದಂತೆ ಮುಂದಿನ ಚಾನೆಲ್ ಮೊದಲೇ ಪರೀಕ್ಷಿಸಿಡುತ್ತವೆ. ಕೊಳ್ಳುವಾಗ ಅದನ್ನು ಕೇಳಿ.

ಕಾಯಲು ಆಗದವರಿಗೆ 36ರಿಂದ 48ರೊಳಗೆ ಚಾನೆಲ್ ಕಟ್ಟಿಹಾಕಬಹುದು, ಅಲ್ಲಿ ಈ ಕಾಯುವಿಕೆ ಇಲ್ಲ. ಎಲ್ಲರಿಗೂ ಇದೇ ಸರಿ ಎನ್ನಲಾರೆ. ಎಂಸಿಸಿ ಬಿ ಬ್ಲಾಕಿನಂಥ ಕಡೆ ಅಕ್ಕಪಕ್ಕದವರೆಲ್ಲ ಅಲ್ಲೇ ಸೇರಿಕೊಂಡಿದ್ದರೆ ಸಂಜೆ ಹೊತ್ತು ನಿಧಾನವಾಗುತ್ತದೆ. ಅಲ್ಲಿಗೆ ರೂಟರಿಗೊಂದು ಪುಟ್ಟ ಯುಪಿಎಸ್ ಹಾಕಿಸುವುದೇ ಮೇಲು.