ಚಹಾದ ಕಲೆಗೆ ಮೇಜು ಕೆರೆಯಬೇಡಿ

ಲಗ್ನದ ಸೀಜನ್ ಬಂತೆಂದರೆ ಫೋನಿನಲ್ಲಿ ಒಂದೇ ಮಾತು: "ಮಿಸ್ತ್ರಿ, ಮೇಜಿನ ಮ್ಯಾಲ ಬೆಳ್ಳನ ಕಲೆ ಬಿದ್ದಾವ. ಎಲ್ಲಾ ತಿಕ್ಕಿ ತಗದು ಹೊಸಾ ಪಾಲಿಶ್ ಹೊಡದುಬಿಡ್ರಿ." ಈಗಿರುವ ಪಾಲಿಶ್ ಯಾವುದು ಎಂದು ಕೇಳಿದರೆ, "ಸಾಗವಾನಿ ರೀ, ನಮ್ಮ ಮುತ್ಯಾನ ಕಾಲದ್ದು" ಅನ್ನುತ್ತಾರೆ. ನಾನು ಕೇಳಿದ್ದು ಕಟ್ಟಿಗೆಯನ್ನಲ್ಲ!

ಬಿಸಿ ಕಪ್ ಇಟ್ಟಲ್ಲಿ ಮೂಡುವ ಬಿಳಿ ಉಂಗುರ ಕಟ್ಟಿಗೆಯವರೆಗೆ ಹೋಗಿಯೇ ಇರುವುದಿಲ್ಲ. ಪಾಲಿಶಿನ ಪದರದಲ್ಲಿ ತೇವ ಸಿಕ್ಕಿಕೊಂಡು, ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ, ಅಷ್ಟೆ. ಇನ್ನೊಮ್ಮೆ ಹೇಳುತ್ತೇನೆ: ಕಲೆ ಮೇಲಿನ ಪದರದಲ್ಲಿದೆ, ಕೆಳಗಿನ ಕಟ್ಟಿಗೆ ಗಟ್ಟಿಮುಟ್ಟಾಗಿದೆ. ಅದಕ್ಕಾಗಿ ಇಡೀ ಮೇಜನ್ನು ಸ್ಯಾಂಡ್ ಪೇಪರಿನಿಂದ ಕೆರೆದರೆ ಹಳೇ ಸಾಗವಾನಿಯ ಬಣ್ಣವೂ ಹೋಗುತ್ತದೆ. ಪ್ಲೈವುಡ್ ಮೇಲೆ ವಿನೀರ್, ಅಂದರೆ ಕಟ್ಟಿಗೆಯ ತೆಳು ಹಾಳೆ, ಅಂಟಿಸಿದ ಮೇಜಾದರಂತೂ ಮುಗಿದೇಹೋಯಿತು. ಆ ವಿನೀರ್ ಬಹಳ ಕಡೆ ಅರ್ಧ ಮಿಲಿಮೀಟರೂ ಇರುವುದಿಲ್ಲ.

ಮೊದಲು ಪಾಲಿಶ್ ಯಾವುದೆಂದು ನೋಡಿಕೊಳ್ಳಿ. ಮೇಜಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಮೂಲೆಯಲ್ಲಿ, ಹತ್ತಿಗೆ ಸ್ಪಿರಿಟ್ (ಅರಗು ಕರಗಿಸುವ ಆಲ್ಕೋಹಾಲ್) ಹಚ್ಚಿ ಒತ್ತಿ ಹಿಡಿಯಿರಿ. ಅಂಟಂಟಾದರೆ ಅರಗಿನ ಪಾಲಿಶ್. ಆಗದಿದ್ದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಕರಗಿಸುವ ಥಿನ್ನರ್ ಹಚ್ಚಿ ನೋಡಿ. ಕರಗಿದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಬಹುತೇಕ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ಲೇಪ, ಅದನ್ನು ಕೆಲಸ ಬಲ್ಲವರಿಗೆ ಬಿಡುವುದು ಲೇಸು.

ಬ್ರಹ್ಮಪುರದ ಒಬ್ಬ ನಿವೃತ್ತ ಮಾಸ್ತರರ ಮನೆಯಲ್ಲಿ ಮಗ ಈ ಪರೀಕ್ಷೆ ಮಾಡದೆ, ವರ್ಷಾನುಗಟ್ಟಲೆ ಮೇಣ ತಿಕ್ಕಿದ್ದ ಅರಗಿನ ಪಾಲಿಶಿನ ಮೇಲೆಯೇ ಪಿಯು ಬಳಿದಿದ್ದ. ಮೇಣದ ಮೇಲೆ ಅದು ಹಿಡಿದುಕೊಳ್ಳುವುದೆಲ್ಲಿಂದ? ಬೇಸಿಗೆ ಕಳೆಯುವುದರೊಳಗೆ ಸುಟ್ಟ ಬದನೆಕಾಯಿ ಸಿಪ್ಪೆಯಂತೆ ಏಳತೊಡಗಿತು. ಮಾಸ್ತರರು ಮಗನಿಗೆ ಒಂದು ಮಾತೂ ಅನ್ನಲಿಲ್ಲ. ನಾನು ಕೆರೆಯುವಷ್ಟು ಹೊತ್ತೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಸಾವಕಾಶ್ರೀ, ಸಾವಕಾಶ್" ಅನ್ನುತ್ತಿದ್ದರು. ಚಹಾ ಬಂದಾಗ ಮಾತ್ರ ಕಪ್ಪು-ಬಸಿ ಎರಡನ್ನೂ ಕೈಯಲ್ಲೇ ಹಿಡಿದು ಕುಡಿದರು.

ಅರಗಿನ ಪಾಲಿಶ್ ಎಂದು ಖಾತ್ರಿಯಾದರೆ, ಮೊದಲು ಕೆಲ ದಿನ ಸುಮ್ಮನೆ ಬಿಡಿ. ನಮ್ಮ ಕಲಬುರಗಿಯ ಒಣ ಬಿಸಿಲಿಗೆ ಎಳೆಯ ಕಲೆ ಕೆಲವೊಮ್ಮೆ ತಾನೇ ಮಾಯವಾಗುತ್ತದೆ. ಹೋಗದಿದ್ದರೆ ಮೆತ್ತನೆಯ ಹತ್ತಿ ಬಟ್ಟೆಗೆ ಸ್ಪಿರಿಟ್ ಸೋಕಿಸಿ, ಹಿಂಡಿ, ಕಲೆಯ ಮೇಲೆ ಒಂದೇ ಸಲ ಹಗುರವಾಗಿ ಸವರಿ. ಕೈ ನಿಂತರೆ ಬಟ್ಟೆ ಅಂಟಿಕೊಳ್ಳುತ್ತದೆ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ವಸ್ತು, ಒಲೆ, ಬೀಡಿ ಯಾವುದೂ ಹತ್ತಿರ ಬೇಡ. ಬಟ್ಟೆ ಹಾಸಿ ಇಸ್ತ್ರಿ ಒತ್ತುವ ಉಪಾಯ ಬಹಳ ಜನ ಹೇಳುತ್ತಾರೆ. ಅರಗು ಸುಮಾರು 75-80 ಡಿಗ್ರಿಗೇ ಕರಗುತ್ತದೆ, ಇಸ್ತ್ರಿ ಅದಕ್ಕಿಂತ ಬಹಳ ಬಿಸಿ. ಟೂತ್‌ಪೇಸ್ಟ್ ತಿಕ್ಕುವವರೂ ಇದ್ದಾರೆ. ಕಲೆ ಹೋಗಬಹುದು, ಜತೆಗೆ ಹೊಳಪೂ ಹೋಗುತ್ತದೆ.

ಕರಿ ಕಲೆಯ ದಾರಿಯೇ ಬೇರೆ. ನೀರು ಕಟ್ಟಿಗೆಗೇ ಇಳಿದು, ಮೊಳೆಯದೋ ಡಬ್ಬಿಯದೋ ಕಬ್ಬಿಣ ಕಟ್ಟಿಗೆಯೊಳಗಿನ ಟ್ಯಾನಿನ್ ಎಂಬ ಒಗರು ಅಂಶದ ಜತೆ ಕೂಡಿದಾಗ ಅದು ಮೂಡುತ್ತದೆ. ಅಲ್ಲಿ ಪಾಲಿಶ್ ತೆಗೆಯಲೇಬೇಕು, ಆಮೇಲೆ ಕಲೆ ತಿಳಿಯಾಗಿಸಲು ಆಕ್ಸಾಲಿಕ್ ಆಮ್ಲ ಹಚ್ಚಬೇಕು. ಅದು ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ, ಅಡುಗೆಮನೆಯ ಪಾತ್ರೆಯಲ್ಲಿ ಕಲಸಬೇಡಿ.