ವಿಂಡೋಸ್ ಕೈಕೊಟ್ಟಾಗ ಸ್ಕ್ರೀನ್ ರೀಡರ್ ಇಲ್ಲದೆ ರೀಸ್ಟೋರ್ ಮಾಡಬಹುದಾ?

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುತ್ತೇನೆ. ಬ್ಯಾಕಪ್ ತೆಗೆದುಕೊಳ್ಳುವುದು ಕಷ್ಟವಾಗಿಲ್ಲ. ಆದರೆ ವಿಂಡೋಸೇ ಶುರುವಾಗದಿದ್ದರೆ ಎನ್‌ವಿಡಿಎ ಕೂಡ ಇರುವುದಿಲ್ಲವಲ್ಲ. ಆಗ ಯಾರ ಸಹಾಯವೂ ಇಲ್ಲದೆ ಎಲ್ಲವನ್ನೂ ವಾಪಸ್ ತರಬಹುದೇ?

ಉತ್ತರ: ತರಬಹುದು. ಆದರೆ ಅದರ ತಯಾರಿ ಕಂಪ್ಯೂಟರ್ ಚೆನ್ನಾಗಿರುವಾಗಲೇ ಆಗಬೇಕು. ಎಷ್ಟು ಪ್ರತಿ ಇಡಬೇಕು, ಎಲ್ಲಿ ಇಡಬೇಕು ಅನ್ನುವ ಮಾತು ಎಲ್ಲ ಕಡೆ ಸಿಗುತ್ತದೆ. ನೀವು ಅದಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದದ್ದು ಒಂದಿದೆ: ವಿಂಡೋಸ್ ಕೆಟ್ಟು ನಿಂತಾಗ ನಿಮ್ಮ ಕಂಪ್ಯೂಟರ್ ಮಾತಾಡುತ್ತದಾ, ಇಲ್ಲವಾ?

ವಿಂಡೋಸ್ ಜೊತೆ ರಿಕವರಿ ಎಂಬ ಇನ್ನೊಂದು ಪುಟ್ಟ ವ್ಯವಸ್ಥೆ ಇರುತ್ತದೆ. ಅದರಲ್ಲಿ ಎನ್‌ವಿಡಿಎ ಇಲ್ಲ, ಆದರೆ ವಿಂಡೋಸ್‌ನದ್ದೇ ಸ್ಕ್ರೀನ್ ರೀಡರ್ ನರೇಟರ್ ಇದೆ. ಪರೀಕ್ಷೆ ಮಾಡಿ ನೋಡಿ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ರಿಕವರಿ, ಅಲ್ಲಿ ಅಡ್ವಾನ್ಸ್ಡ್ ಸ್ಟಾರ್ಟಪ್ ಪಕ್ಕದ ರೀಸ್ಟಾರ್ಟ್ ನೌ ಒತ್ತಿ. ಎನ್‌ವಿಡಿಎ ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತು ಕಾದು ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ನರೇಟರ್ ದನಿ ಬಂದರೆ ಟ್ಯಾಬ್ ಮತ್ತು ಬಾಣದ ಕೀಗಳಿಂದ ಸುತ್ತಾಡಿ ಏನೇನು ಓದುತ್ತದೆ ಕೇಳಿ. ಕಂಟಿನ್ಯೂ ಮೇಲೆ ಎಂಟರ್ ಒತ್ತಿದರೆ ವಾಪಸ್ ವಿಂಡೋಸ್‌ಗೆ ಬರುತ್ತೀರಿ, ಏನೂ ಬದಲಾಗಿರುವುದಿಲ್ಲ.

ದನಿ ಬರಲಿಲ್ಲವಾ? ನರೇಟರ್ ಶುರುವಾಗಿದ್ದರೂ ಕೇಳಿಸದೇ ಇರಬಹುದು. ಕೆಲವು ಲ್ಯಾಪ್‌ಟಾಪ್‌ಗಳ ಸೌಂಡ್ ಡ್ರೈವರ್ ಆ ಪುಟ್ಟ ವ್ಯವಸ್ಥೆಯಲ್ಲಿ ಇರುವುದಿಲ್ಲ. ಯುಎಸ್‌ಬಿ ಹೆಡ್‌ಸೆಟ್ ಹಾಕಿ ಇನ್ನೊಮ್ಮೆ ನೋಡಿ. ಅದಕ್ಕೆ ಬೇರೆ ಡ್ರೈವರ್ ಬೇಕಾಗುವುದು ಕಡಿಮೆ, ಹಾಗಾಗಿ ಹಲವು ಸಲ ಅದರಲ್ಲಿ ಕೇಳಿಸುತ್ತದೆ. ಕೇಳಿಸಿತು ಅಂದರೆ ಆ ಹೆಡ್‌ಸೆಟ್ಟನ್ನು ಬ್ಯಾಕಪ್ ಡಿಸ್ಕಿನ ಜೊತೆಗೇ ಎತ್ತಿಡಿ.

ಈ ಪರೀಕ್ಷೆಗೂ ಮೊದಲು, ಡಿಸ್ಕಿನ ಲಾಕ್ ತೆರೆಯುವ ಬಿಟ್‌ಲಾಕರ್ ಕೀ ನಿಮ್ಮ ಕೈಯಲ್ಲಿರಲಿ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಲಾಕ್ ಆಗಿರುತ್ತದೆ, ಬಳಸುವವರಿಗೆ ಗೊತ್ತೇ ಇರುವುದಿಲ್ಲ. ರಿಪೇರಿ ಹೊತ್ತಿನಲ್ಲಿ ಅದು 48 ಅಂಕಿಯ ಕೀ ಕೇಳಬಹುದು. ವಿಂಡೋಸ್‌ಗೂ ಮೊದಲು ಬರುವ ಆ ಪರದೆಯಲ್ಲಿ ನರೇಟರನ್ನು ನಂಬಿ ಕೂರಬೇಡಿ. ಮೈಕ್ರೋಸಾಫ್ಟ್ ಖಾತೆಯಿಂದ ಕೀ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಆರಾರು ಅಂಕಿಗಳ ಎಂಟು ಗುಂಪಾಗಿಯೇ ಇರಲಿ. ಒಂದೊಂದು ಗುಂಪು ಕೇಳಿಸಿಕೊಂಡು ಟೈಪ್ ಮಾಡಬಹುದು. ಪರದೆಯಲ್ಲಿ ಏನಿದೆ ಅಂತ ತಿಳಿಯಲು, ಸ್ವಯಂಸೇವಕರು ವಿಡಿಯೋ ಕರೆಯಲ್ಲಿ ನೋಡಿ ಹೇಳುವ ಬಿ ಮೈ ಐಸ್ ಆ್ಯಪ್‌ನಲ್ಲಿ ಫೋನಿನ ಕ್ಯಾಮೆರಾ ಹಿಡಿಯಬಹುದು. ಆದರೆ ಕೀಯನ್ನು ಅಪರಿಚಿತರಿಗೆ ತೋರಿಸಬೇಡಿ.

ಇನ್ನು ಬ್ಯಾಕಪ್ ವಿಷಯ. ಇಡೀ ಡಿಸ್ಕಿನ ಇಮೇಜ್, ಅಂದರೆ ವಿಂಡೋಸ್, ಪ್ರೋಗ್ರಾಂ, ಫೈಲ್ ಎಲ್ಲ ಸೇರಿದ ಒಂದೇ ಪ್ರತಿ, ತೆಗೆದಿಡುವುದೇ ಒಳ್ಳೆಯದು ಅಂತ ಹಲವರು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಇಮೇಜ್ ವಾಪಸ್ ಹಾಕುವ ಕೆಲಸ ನಡೆಯುವುದು ರಿಕವರಿಯಲ್ಲಿ, ಅಂದರೆ ದನಿ ಕೈಕೊಡುವ ಜಾಗದಲ್ಲೇ. ಅಲ್ಲಿ ತಪ್ಪು ಡಿಸ್ಕ್ ಆರಿಸಿದರೆ ಅದರಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ಟ್ಯಾಬ್ ಎಷ್ಟು ಸಲ ಒತ್ತಬೇಕು ಅಂತ ಲೆಕ್ಕ ಹಾಕಿಕೊಂಡು ಆ ಕೆಲಸ ಮಾಡಲೇಬೇಡಿ. ನರೇಟರ್ ಸರಿಯಾಗಿ ಕೇಳಿಸುತ್ತದೆ ಅಂತ ಖಾತ್ರಿ ಇದ್ದವರು ಮಾತ್ರ ಇಮೇಜ್ ನೆಚ್ಚಿಕೊಳ್ಳಬಹುದು. ಬ್ಯಾಕಪ್ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ತಯಾರಕರಿಗೆ ನೇರವಾಗಿ ಕೇಳಿ: "ನಿಮ್ಮ ರಿಕವರಿ ಡಿಸ್ಕಿನಲ್ಲಿ ಸ್ಕ್ರೀನ್ ರೀಡರ್ ಓಡುತ್ತದಾ?" ವಿಂಡೋಸ್ ಒಳಗೆ ಚೆನ್ನಾಗಿ ಓದಿಸುವ ಎಷ್ಟೋ ಸಾಫ್ಟ್‌ವೇರ್‌ಗಳು ತಮ್ಮದೇ ರಿಕವರಿ ಡಿಸ್ಕಿನಲ್ಲಿ ಮೂಕವಾಗಿರುತ್ತವೆ.

ಉಳಿದವರು ಫೈಲ್‌ಗಳನ್ನು ಕಾಪಿ ಮಾಡಿಡಿ, ವಿಂಡೋಸ್ ಹೋದರೆ ಹೊಸದಾಗಿ ಹಾಕಿಕೊಳ್ಳಿ. ಪ್ರೋಗ್ರಾಂಗಳನ್ನೆಲ್ಲ ಮತ್ತೆ ಹಾಕುವ ಶ್ರಮ ಇದೆ, ಸಮಯವೂ ಜಾಸ್ತಿ ಬೇಕು. ಆದರೆ ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್‌ನಿಂದ ಶುರು ಮಾಡಿದಾಗಲೂ ನರೇಟರ್ ಅದೇ ಮೂರು ಕೀಗಳಿಗೆ ಎದ್ದೇಳುತ್ತದೆ, ಕೇಳುವ ಪ್ರಶ್ನೆಗಳೂ ಕಡಿಮೆ. ಆ ಹೊತ್ತಿನಲ್ಲಿ ಬ್ಯಾಕಪ್ ಡಿಸ್ಕ್ ಕಿತ್ತಿಡಿ. ಕಾಪಿ ಮಾಡಲು ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಕಮಾಂಡ್ ನನಗೆ ಇಷ್ಟ. ಎಷ್ಟು ಫೈಲ್ ಕಾಪಿಯಾಯ್ತು, ಎಷ್ಟು ಫೇಲ್ ಆಯ್ತು ಅಂತ ಕೊನೆಗೆ ಅಕ್ಷರದಲ್ಲೇ ಬರೆದು ತೋರಿಸುತ್ತದೆ. ಸ್ಕ್ರೀನ್ ರೀಡರ್‌ಗೆ ಇನ್ನೇನು ಬೇಕು? ಅದರ ಮಿರರ್ ಆಯ್ಕೆ ಮಾತ್ರ ಎಚ್ಚರ. ಮೂಲದಲ್ಲಿ ಅಳಿಸಿದ್ದನ್ನು ಅದು ಬ್ಯಾಕಪ್‌ನಿಂದಲೂ ಅಳಿಸುತ್ತದೆ.

ಫೈಲ್‌ಗಳ ಜೊತೆ ನಿಮ್ಮ ಎನ್‌ವಿಡಿಎಯನ್ನೂ ಕಾಪಾಡಿಕೊಳ್ಳಿ. ಟೂಲ್ಸ್ ಮೆನುವಿನಲ್ಲಿ ಪೋರ್ಟಬಲ್ ಕಾಪಿ ಮಾಡುವ ಆಯ್ಕೆ ಇದೆ. ಪೆನ್ ಡ್ರೈವ್ ತೋರಿಸಿ, ಈಗಿನ ಸೆಟ್ಟಿಂಗ್‌ಗಳನ್ನೂ ಸೇರಿಸು ಎಂಬ ಚೆಕ್‌ಬಾಕ್ಸ್ ಗುರುತು ಮಾಡಿ. ಆಡ್-ಆನ್, ಉಚ್ಚಾರಣೆಯ ಡಿಕ್ಷನರಿ ಎಲ್ಲ ಜೊತೆಗೆ ಬರುತ್ತವೆ. ಹೊಸ ವಿಂಡೋಸ್ ಎದ್ದ ಮೇಲೆ ನರೇಟರ್ ಸಹಾಯದಿಂದ ಪೆನ್ ಡ್ರೈವ್ ತೆರೆದು ಎನ್‌ವಿಡಿಎ ಓಡಿಸಿ, ಅದರ ಟೂಲ್ಸ್ ಮೆನುವಿನಿಂದಲೇ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಅದರ ಜೊತೆಗೇ ಬರುವ ಇ-ಸ್ಪೀಕ್ ಎಂಬ ದನಿ ಕನ್ನಡವನ್ನೂ ಓದುತ್ತದೆ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಬಳಸುವವರು ಲೈಸೆನ್ಸ್ ವಿವರವನ್ನೂ, ಎಕ್ಸ್‌ಪೋರ್ಟ್ ಮಾಡಿದ ಸೆಟ್ಟಿಂಗ್‌ಗಳನ್ನೂ ಜೊತೆಗಿಡಬೇಕು.

ಮ್ಯಾಕ್ ಇದ್ದವರಿಗೆ ಈ ಕಷ್ಟ ಕಡಿಮೆ. ಅದರ ರಿಕವರಿಯಲ್ಲೂ ಮ್ಯಾಕ್‌ನದ್ದೇ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಇದೆ, ಕಮಾಂಡ್ ಮತ್ತು ಎಫ್5 ಒತ್ತಿದರೆ ಶುರುವಾಗುತ್ತದೆ. ಮ್ಯಾಕ್‌ನಲ್ಲೇ ಇರುವ ಟೈಮ್ ಮಷೀನ್‌ನಿಂದ ತೆಗೆದ ಬ್ಯಾಕಪ್ ಇದ್ದರೆ ಮೈಗ್ರೇಷನ್ ಅಸಿಸ್ಟೆಂಟ್ ಎಂಬ ಪ್ರೋಗ್ರಾಂ ಅದರಿಂದ ನಿಮ್ಮ ಫೈಲ್‌ಗಳನ್ನು ತಂದುಕೊಡುತ್ತದೆ.